ಹುಲಿಗೆಮ್ಮ ಜೋಡಿಸದ ಅಧ್ಯಾಯ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಜಟ್ಟಪ್ಪ ಕೈ ನಿಲ್ಲಿಸಿದ. ಬಿದನೂರು ನಗರದ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಅವನ ಮುದ್ರಣಾಲಯದ ಅಂಗಳದಲ್ಲಿ ನೆರೆದವರನ್ನು ಸರಿಸಿಕೊಂಡು ಬರುತ್ತಿದ್ದಳು.

"ಯಾರಮ್ಮಾ? ಗುರುತು ಸಿಗ್ಲಿಲ್ಲ."

"ಕನ್ನಮ್ಮ. ಸತ್ತೋಳ ತಂಗಿ."

ಹುಲಿಗೆಮ್ಮನ ಹೆಣದ ತಲೆದೆಸೆಯಲ್ಲಿ ಕುಳಿತಿದ್ದ ಮೀನಾಕ್ಷಿ ಎದ್ದು ನಿಂತಳು. ಸಾಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಕನ್ನಮ್ಮನ ಮಗಳು. ತಾಯಿ ಮಗಳು ಮಾತಾಡಿ ವರ್ಷಗಳೇ ಆಗಿದ್ದವು. ಕನ್ನಮ್ಮ ಅವಳತ್ತ ನೋಡದೆ ಅಕ್ಕನ ಪಕ್ಕ ಕುಳಿತು ತಣ್ಣಗಿನ ಕೈ ಹಿಡಿದಳು.

"ಮೀಯಿಸಿದ್ರಲ್ಲ, ಬೆರಳು ಯಾಕೆ ಹಿಂಗೆ ಕರ್ರಗಿದೆ?"

"ಅಚ್ಚಿನ ಮಸಿ ಅಕ್ಕಾ," ಎಂದಳು ನೆರೆಮನೆಯ ಗುತ್ಯಮ್ಮ. "ಎಷ್ಟು ಸೀಗೆ ಹಾಕಿ ತಿಕ್ಕಿದ್ರೂ ಬಿಡ್ಲಿಲ್ಲ."

*

ಗಂಡ ಸತ್ತ ಮೇಲೆ ಹುಲಿಗೆಮ್ಮ ತೀರ್ಥಹಳ್ಳಿಗೆ ಬಂದು ಜಟ್ಟಪ್ಪನ ಮುದ್ರಣಾಲಯದಲ್ಲಿ ಕಸ ಗುಡಿಸಲು ಸೇರಿ, ಅಲ್ಲೇ ಹಿಂದಿನ ಕೋಣೆಯಲ್ಲಿ ವಾಸವಾಗಿದ್ದಳು. ನೆಲಕ್ಕೆ ಬಿದ್ದ ಸೀಸದ ಅಕ್ಷರದ ಅಚ್ಚುಗಳನ್ನು ಹೆಕ್ಕಿ ಅವುಗಳ ಗೂಡಿಗೆ ಹಾಕುತ್ತಲೇ ಅಕ್ಷರ ಕಲಿತಳು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು. ಹಾಗಾಗಿ ಕಾಗದದ ಮೇಲಿನ ನೆಟ್ಟಗಿನ ಅಕ್ಷರ ಓದಲು ಅವಳು ಮತ್ತೊಮ್ಮೆ ಕಲಿಯಬೇಕಾಯಿತು. ಬೇಸಗೆಗೆ ಬಂದಿರುತ್ತಿದ್ದ ಮೀನಾಕ್ಷಿಗೂ ಓದುವ ಹುಚ್ಚು ಹಿಡಿಸಿದಳು.

ಆ ಹುಡುಗಿ ನಿಶ್ಚಯವಾದ ಮದುವೆ ಬಿಟ್ಟು ನರ್ಸಿಂಗ್ ಕಲಿಯಲು ಹೊರಟುಹೋದಾಗ ಕನ್ನಮ್ಮ ಇದೇ ಅಂಗಳದಲ್ಲಿ ನಿಂತು ಕೂಗಿದ್ದಳು: "ನಿನ್ನ ಪುಸ್ತಕ ನನ್ನ ಮಗಳ್ನ ನುಂಗ್ತು! ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ."

ಆ ಮಳೆಗಾಲದಿಂದ ಹುಲಿಗೆಮ್ಮ ಕತೆ ಕಟ್ಟತೊಡಗಿದಳು. ಕೆಲಸ ಮುಗಿದ ಮೇಲೆ, ಕಾಗದ ಪೆನ್ನು ಮುಟ್ಟದೆ, ನೇರ ಅಚ್ಚನ್ನೇ ಜೋಡಿಸುತ್ತಿದ್ದಳು. ಮೊದಲ ಪುಟ ಓದಿದ ಜಟ್ಟಪ್ಪ, "ಇದ್ನ ನಾನೇ ಅಚ್ಚು ಹಾಕ್ತೀನಿ," ಎಂದ. ಕಾದಂಬರಿ ಭಾಗ ಭಾಗವಾಗಿ ಹೊರಬಂತು. ಹೊಸನಗರದ ಹೆಂಗಸರು ಮುಂದಿನ ಭಾಗ ಬಂತೇ ಎಂದು ಬಸ್ಸಿನ ಕಂಡಕ್ಟರನನ್ನು ಕೇಳುವಷ್ಟು ಅದು ಹೆಸರಾಯಿತು.

ಕೊನೆಯ ಭಾಗ ಮಾತ್ರ ಬರಲಿಲ್ಲ. ಜಟ್ಟಪ್ಪ ಕೇಳಿದಾಗಲೆಲ್ಲ ಒಂದೇ ಉತ್ತರ: "ಅದು ನಂದಲ್ಲ ಮಾರಾಯ."

*

ಹೆಣ ತುಂಗೆಯ ಕಡೆಗೆ ಹೋಯಿತು. ಮಕ್ಕಳಿಲ್ಲದ ಹುಲಿಗೆಮ್ಮನಿಗೆ ಜಟ್ಟಪ್ಪನೇ ಕೊಳ್ಳಿ ಇಟ್ಟ. ಇತ್ತ ಹೆಂಗಸರು ಮಿಂದು ಮುದ್ರಣಾಲಯದ ಜಗಲಿಯಲ್ಲಿ ಕುಳಿತರು.

"ಅಂಥಾದ್ದೇನು ಕತೆ ಕಟ್ಟಿದ್ಲು?" ಕನ್ನಮ್ಮ ಗುತ್ಯಮ್ಮನನ್ನು ಕೇಳಿದಳು.

"ಬಿದನೂರು ಕೋಟೇಲಿ ಅಕ್ಕ ತಂಗಿ. ಇಬ್ರ ಹತ್ರಾನೂ ಮಾಯದ ಪುಸ್ತಕ. ಅಕ್ಕ ತನ್ನದು ಓದಿದ್ರೆ ಮುಚ್ಚಿದ್ದೆಲ್ಲ ತೆರೆಯುತ್ತೆ, ತಂಗಿ ಓದಿದ್ರೆ ತೆರೆದಿದ್ದೆಲ್ಲ ಮುಚ್ಚುತ್ತೆ. ಜಗಳ ಆಗಿ ತಂಗಿ ಕೋಟೆ ಮುಚ್ಕೊಂಡು ಒಳಗೇ ಕೂತ್ಲು. ಅಲ್ಲಿಗೆ ನಿಂತಿದೆ."

ಕನ್ನಮ್ಮ ಗುತ್ಯಮ್ಮನ ಕೈ ಹಿಡಿದಳು. "ಚಿಕ್ಕಂದಿನಲ್ಲಿ ದನ ಕಾಯ್ತಾ ಕೋಟೆ ಗೋಡೆ ಮೇಲೆ ಕೂತು ನಾವಿಬ್ರೂ ಕಟ್ಟಿದ ಕತೆ ಅದು." ಯಾರನ್ನೂ ನೋಡದೆ ಕೇಳಿದಳು: "ತಂಗೀನ ರಾಕ್ಷಸಿ ಮಾಡಿದ್ಲಾ?"

"ಇಲ್ಲವ್ವಾ," ಕಂಬದ ಬಳಿಯಿಂದ ಮೀನಾಕ್ಷಿ ಹೇಳಿದಳು. "ತಂಗಿ ಇಲ್ದೆ ಅಕ್ಕನ ದನಿಯೇ ಹೋಗುತ್ತೆ. ಪುಸ್ತಕ ಕೈಯಲ್ಲೇ ಇರುತ್ತೆ, ಓದಕ್ಕಾಗಲ್ಲ. ಹೊರಗೆ ಕಾಯ್ತಾ ನಿಲ್ತಾಳೆ."

ಕನ್ನಮ್ಮ ಸೆರಗು ಬಾಯಿಗೊತ್ತಿಕೊಂಡಳು. ಅಳು ತಗ್ಗಿದಾಗ ಒದ್ದೆ ಪಂಚೆಯಲ್ಲಿ ಜಟ್ಟಪ್ಪ ಮೆಟ್ಟಿಲ ಬಳಿ ನಿಂತಿದ್ದ.

"ಕೊನೆ ಏನು ಅಂತ ನಿಮಗೆ ಗೊತ್ತಾ ಅಮ್ಮಾ?"

"ಕೊನೆ ನಾನೇ ಹೇಳಿದ್ದು. ಅಕ್ಕ ಕೋಟೆ ಒಡೀಬಾರ್ದು, ತಂಗಿ ತಾನಾಗಿ ಬರ್ಬೇಕು ಅಂತ ಹಟ ಹಿಡಿದಿದ್ದೆ. ಆಗ್ಲಿ ಕಣೇ, ಅಲ್ಲೀತನಕ ಕಾಯ್ತೀನಿ ಅಂದಿದ್ಲು." ಅವಳು ಹೊಸ್ತಿಲ ಕಡೆ ನೋಡಿದಳು. "ಬರೋ ಹೊತ್ತಿಗೆ ತಡ ಮಾಡ್ಬಿಟ್ಟೆ."

"ಹೇಳಿ. ನಾನು ಜೋಡಿಸ್ತೀನಿ."

ಜಟ್ಟಪ್ಪ ಒಳಗೆ ಹೋಗಿ ಅಚ್ಚಿನ ಗೂಡಿನ ಮುಂದೆ ನಿಂತ. ಕನ್ನಮ್ಮ ಹೊಸ್ತಿಲು ದಾಟಿ ನೆಲದ ಮೇಲೆ ಕುಳಿತಳು. ಮೀನಾಕ್ಷಿ ಬಾಗಿಲಲ್ಲೇ ಉಳಿದಳು. ಮಿಂದ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಶೀತ ಆಗುತ್ತೆ, ಬಾ ಇಲ್ಲಿ," ಎಂದಳು ಕನ್ನಮ್ಮ.

ಮಗಳು ಬಂದು ಬೆನ್ನು ಹಾಕಿ ಕುಳಿತಳು. ಕನ್ನಮ್ಮ ಸೆರಗಿನಿಂದ ಆ ಕೂದಲನ್ನು ಎಳೆ ಎಳೆಯಾಗಿ ಒರೆಸುತ್ತ, ಜಟ್ಟಪ್ಪನ ಬೆರಳು ಹಿಂದೆ ಬೀಳದಂತೆ ನಿಧಾನವಾಗಿ, ಕತೆ ಹೇಳತೊಡಗಿದಳು.