ಕಸದ ಮೂಲೆಯ ಲಕ್ಷ್ಮೀಪಟ

ಸರ್ವಮಂಗಳಾ ನನ್ನ ಗಾಜಿನ ಮೇಲಿನ ಹಳೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅರ್ಧ ಒರೆಸಿದ್ದಾಗ ಮಗಳು ಇಂಚರ ಬಂದು ಬಾಗಿಲಿಗೊರಗಿ ನಿಂತಳು.

ನಾನು ಲಕ್ಷ್ಮಿಯ ಒಂದು ಪಟ. ಮೈಸೂರಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಒಂದು ಸಣ್ಣ ಅಂಗಡಿಯಲ್ಲಿ ಹುಟ್ಟಿದೆ. ಮೊಳೆ ಹೊಡೆಯುವವರೆಗೆ ಅಂಗಡಿಯವನು ನನ್ನನ್ನು ಕಾಲಲ್ಲಿ ಒತ್ತಿ ಹಿಡಿದಿದ್ದ. ಕೊನೆಯ ಮೊಳೆ ಬಿದ್ದ ಮೇಲೆ ಕಣ್ಣಿಗೊತ್ತಿಕೊಂಡು ಕೊಟ್ಟ. ಸರ್ವಮಂಗಳೆಯ ತಾಯಿ ನನ್ನನ್ನು ಕೊಂಡು ಮದುವೆಯಾದ ಮಗಳ ಕೈಗಿಟ್ಟರು. ಅಂದಿನಿಂದ ಅವಳ ಗೋಡೆಯ ಮೇಲಿದ್ದೆ. ಅವಳು ಯಾರಿಗೂ ಆಡದ ಮಾತುಗಳು ನನ್ನೆದುರು ಅವಳ ತುಟಿಯವರೆಗೆ ಬಂದು ಹಿಂದಿರುಗುವುದನ್ನು ನೋಡಿದ್ದೇನೆ.

ನಮ್ಮ ಬೀದಿಯ ತಿರುವಿನಲ್ಲಿ ಎಲ್ಲರೂ ಕಸ ಎಸೆಯುವ ಮೂಲೆಯೊಂದಿತ್ತು. ಇಂಚರ ಮತ್ತವಳ ಗೆಳೆಯರು ಭಾನುವಾರಗಳಂದು ಅದನ್ನು ಗುಡಿಸಿ, ಸುಣ್ಣ ಬಳಿದು, ರಂಗೋಲಿ ಹಾಕುತ್ತಿದ್ದರು. ಸೋಮವಾರ ರಂಗೋಲಿಯ ಮೇಲೆಯೇ ಚೀಲಗಳು ಬಿದ್ದಿರುತ್ತಿದ್ದವು.

"ಬೈದ್ರೆ ಯಾರೂ ಕೇಳಲ್ಲಮ್ಮ. ದೇವ್ರು ಕೂತಿದ್ರೆ ಕಸ ಎಸೆಯೋಕೆ ಕೈ ಬರಲ್ಲ. ಇದನ್ನ ಕೊಡ್ತೀಯಾ?" ಎಂದಳು ಇಂಚರ ಬಾಗಿಲಲ್ಲೇ ನಿಂತು.

ಸರ್ವಮಂಗಳೆಯ ಕೈ ನನ್ನ ಮೇಲೆ ನಿಂತಿತು. ಒಡೆದ ಪಟವನ್ನು ಜನ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಇಡುವಂತಿಲ್ಲ, ಕಸಕ್ಕೆ ಹಾಕುವಂತಿಲ್ಲ; ಹೊರಗೆ ದೇವರಿರುವ ಕಡೆ ಇಟ್ಟು ಬರುತ್ತಾರೆ. ಅತ್ತೆಯ ಕಾಲದ ಪಟವನ್ನು ಅವಳೇ ಅರಳಿಮರದ ಬುಡದಲ್ಲಿಟ್ಟು ಬಂದಿದ್ದಳು. ಅದನ್ನು ಹೇಳಬೇಕೆಂದುಕೊಂಡಳು. ಹೇಳದೆ ನನ್ನನ್ನು ಮೊಳೆಯಿಂದ ಇಳಿಸಿ ಕೊಟ್ಟುಬಿಟ್ಟಳು.

ಮೂಲೆಯಲ್ಲಿ ಕೂತ ಮೇಲೆ ಮೊದಮೊದಲು ನಾನು ಗೆದ್ದೆ. ಜನ ಚಪ್ಪಲಿ ಬಿಟ್ಟು ಕೈ ಮುಗಿದರು. ಇಂಚರಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಯಾರೋ ಗಾಜೊಡೆದ ಗಣಪತಿಯನ್ನು ತಂದು ನನ್ನ ಪಕ್ಕ ಒರಗಿಸಿದರು. ಬಣ್ಣ ಹೋದ ವೆಂಕಟರಮಣ ಬಂದ. ಪ್ಲಾಸ್ಟಿಕ್ ಚೀಲಗಳಲ್ಲಿ ಬಾಡಿದ ಹೂವು, ಹಳೆಯ ಕ್ಯಾಲೆಂಡರು, ಕೈ ಮುರಿದ ಮೂರ್ತಿಗಳು ಬಂದವು. ಎಲ್ಲರೂ ಭಕ್ತಿಯಿಂದಲೇ ತಂದರು. ನಾನು ಕಸವನ್ನು ತಡೆಯಲಿಲ್ಲ, ಕಸಕ್ಕೆ ಮರ್ಯಾದೆ ತಂದುಕೊಟ್ಟೆ.

ಕಸದ ಗಾಡಿಯ ಸಣ್ಣಮ್ಮ ಮುಟ್ಟಲೊಲ್ಲಳು. "ತಾಯಿನ ಎತ್ತಿ ಗಾಡಿಗಾಕು ಅಂದ್ರೆ ಹೆಂಗವ್ವ? ನಂಗೂ ಮಕ್ಕಳವ್ರೆ."

ಎದುರು ಮನೆಯ ವಿಶಾಲಾಕ್ಷಮ್ಮ ಸರ್ವಮಂಗಳೆಯನ್ನು ಕಂಡು ನಕ್ಕರು. "ನಿಮ್ಮ ಹುಡುಗಿ ದೊಡ್ಡ ಕೆಲಸ ಮಾಡಿದ್ಲು ಕಣ್ರೀ. ಮೊದಲು ಮೂಗು ಮುಚ್ಕೊಂಡು ಹೋಗ್ತಿದ್ವಿ, ಈಗ ಕೈ ಮುಗ್ಕೊಂಡು ಹೋಗ್ತೀವಿ."

ಗೆಳೆಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ರಾಶಿಯನ್ನು ತೆಗೆಯಲು ಹೋದ ಇಂಚರಳ ಮೇಲೆ ಯಾರೋ ಕೂಗಾಡಿದರು: ನಮ್ಮ ದೇವರನ್ನು ಮುಟ್ಟಲು ನೀನ್ಯಾರು ಎಂದು. ಅವಳು ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು, ತಲೆ ತಗ್ಗಿಸಿ ಮನೆಗೆ ನಡೆದಳು. ಭಾನುವಾರಗಳಂದು ಹೊರಗೆ ಬರುವುದೇ ನಿಂತಿತು.

ಅದನ್ನು ಸರ್ವಮಂಗಳಾ ನೋಡಿದಳು. ಮೂಲೆ ಕೊಳಕಾದದ್ದಕ್ಕಿಂತ ಅವಳನ್ನು ಸುಟ್ಟದ್ದು ಇದು: ಮಗಳು ಮಾತು ನುಂಗುವುದನ್ನು ಕಲಿತ ಬಗೆ ತನ್ನದೇ ಆಗಿತ್ತು. ಅಂದು ಬಾಯಿಬಿಟ್ಟು ಬೇಡವೆಂದಿದ್ದರೆ ಎಂದು ಎಷ್ಟು ಸಲ ನೊಂದುಕೊಂಡಳೋ.

ಇಂದು ಸಂಜೆ ಅವಳು ಈ ಮೂಲೆಗೆ ಬಂದಳು. ಬಿಸಿಲಿಗೆ ನನ್ನ ಲಕ್ಷ್ಮಿಯ ಸೀರೆ ಬಿಳಿಚಿದೆ, ಮರದ ಚೌಕಟ್ಟಿಗೆ ಗೆದ್ದಲು ಹತ್ತಿದೆ. ನನ್ನನ್ನು ತಿರುಗಿಸಿ ಬೆನ್ನಿನ ಮೊಳೆಗಳನ್ನು ಬೆರಳಲ್ಲಿ ಅಲುಗಿಸಿ ನೋಡಿದಳು. ಆ ಬೆರಳುಗಳು ನನಗೆ ಗೊತ್ತು, ಅವು ಏನು ಮಾಡಹೊರಟಿವೆಯೆಂದೂ ಗೊತ್ತು. ಬೇರೆಯವರ ದೇವರಿಗೆ ಕೈ ಹಾಕಿದರೆ ಜಗಳ; ತನ್ನ ತವರಿನ ಪಟಕ್ಕೆ ಯಾರು ಅಡ್ಡ ಬಂದಾರು? ನಾಳೆ ಬೀದಿಯವರೆಲ್ಲ ಹಾಲಿಗೆ ಹೊರಡುವ ಹೊತ್ತಿಗೆ ಇಲ್ಲೇ ಕೂತು, ಎಲ್ಲರೆದುರು, ಮೊದಲು ನನ್ನನ್ನು ಬಿಚ್ಚುತ್ತಾಳೆ. ಕಾಗದ ನೀರಿನಲ್ಲಿ ಕರಗಿ ಗಿಡದ ಬುಡಕ್ಕೆ, ಗಾಜು ಸಣ್ಣಮ್ಮನ ಗಾಡಿಗೆ. ಕೇಳಿದವರಿಗೆ, ಅವರವರ ದೇವರನ್ನೂ ಹೀಗೇ ಕಳಿಸಬಹುದೆಂದು ಉತ್ತರ ಕೊಡುತ್ತಾಳೆ.

ನನಗೆ ಸಂಕಟವಿಲ್ಲವೆಂದರೆ ಸುಳ್ಳಾದೀತು.

ಗೇಟಿನಿಂದ ಇಂಚರ ಕರೆದಳು. "ಅಲ್ಲೇನ್ ಮಾಡ್ತಿದೀಯಮ್ಮ?"

"ಏನಿಲ್ಲ, ನೀನು ಒಳಗ್ ನಡಿ" ಎಂದಳು ಸರ್ವಮಂಗಳಾ, ನನ್ನ ಮೊಳೆಯಿಂದ ಬೆರಳು ತೆಗೆಯದೆ.