ಮಲಾಕಿ ಗ್ಯಾಫ್ನಿಯ ಓಟು

ಮೇಯರ್ ಚುನಾವಣೆ ಗೆದ್ದ ಮರುದಿನ ಏಳನೇ ವಾರ್ಡಿನ ಹೆಂಡದಂಗಡಿಯಲ್ಲಿ ಕಾನ್ ಟೂಹಿಯನ್ನು ಹಿಡಿಯುವವರೇ ಇರಲಿಲ್ಲ. ವಾರ್ಡಿನ ಓಟುಗಳನ್ನು ಪೆಟ್ಟಿಗೆಗೆ ಬೀಳಿಸುವುದು ಅವನ ಕೆಲಸ. ಸತ್ತವರು, ಊರು ಬಿಟ್ಟವರು, ಯಾರನ್ನೂ ಬಿಡದೆ ಅವರ ಹೆಸರಿನಲ್ಲಿ ಓಟು ಹಾಕಲು ಹೊರಗಿನ ಆಳುಗಳನ್ನು ನಿಲ್ಲಿಸಿದ್ದ. ಎದುರು ಪಕ್ಷದವರೇನು ಸಾಚಾಗಳಲ್ಲ ಬಿಡಿ.

"ನಿನ್ನ ಸತ್ತೋರು ಬದುಕಿರೋರಿಗಿಂತ ನೆಟ್ಟಗೆ ಸಾಲಲ್ಲಿ ನಿಂತ್ಕೊಂಡ್ರಲ್ಲೋ ಕಾನ್!" ಎಂದು ಯಾರೋ ಛೇಡಿಸಿದರು. ಎಲ್ಲರೂ ನಗುತ್ತಿರುವಾಗಲೇ ವಿನಿಫ್ರೆಡ್ ಗ್ಯಾಫ್ನಿ ಎಂಬ ಮುದುಕಿ ಬಾಗಿಲಲ್ಲಿ ಕಾಣಿಸಿದಳು. ಕಾನ್ ಎದ್ದು ಹೊರಗೆ ಬಂದ.

"ನನ್ನ ಮಲಾಕಿ ಬಂದಿದ್ದಾನಂತೆ ಕಣೋ! ಮತಗಟ್ಟೇಲಿ ಅವನ ಹೆಸರು ಕೂಗಿದ್ದನ್ನ ಪಕ್ಕದ ಮನೆಯವನು ಕಿವಿಯಾರೆ ಕೇಳಿದ್ದಾನೆ. ಓಟು ಹಾಕಿದೋನು ಮನೆಗ್ಯಾಕೆ ಬರ್ಲಿಲ್ಲ?"

ಕಾನ್ ಅಂಗಡಿಯ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ. ಮಲಾಕಿ ಅವನ ಜೀವದ ಗೆಳೆಯ. ಮೂರು ವರ್ಷದ ಹಿಂದೆ ಗೋಧಿ ಸಾಗಿಸುವ ಹಡಗು ಹತ್ತಿ ಹೋದವನು ನವೆಂಬರಿನ ಬಿರುಗಾಳಿಯಲ್ಲಿ ಸಮುದ್ರದಂಥ ಸರೋವರದ ಪಾಲಾದ. ಹೊರಡುವ ದಿನ ತಾಯಿಗೂ ಮಗನಿಗೂ ಜಗಳವಾಗಿ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದಳು. ಹೆಣ ಸಿಗದ್ದರಿಂದ ಅವನು ಸತ್ತನೆಂದು ಅವಳು ನಂಬಲೇ ಇಲ್ಲ; ಮಗನ ಆತ್ಮಕ್ಕೆಂದು ಇಗರ್ಜಿಯಲ್ಲಿ ಪೂಜೆ ಮಾಡಿಸಲು ಒಪ್ಪಲಿಲ್ಲ. ಮತದಾರರ ಪಟ್ಟಿಯವರು ಬಂದಾಗಲೆಲ್ಲ, "ಅವನಿರೋದು ಇಲ್ಲೇ, ಬರ್ಕೊಳ್ಳಿ" ಎಂದು ಬರೆಸುತ್ತಿದ್ದಳು. ಪಟ್ಟಿಯಲ್ಲಿದ್ದ ಹೆಸರನ್ನು ಕಾನ್ ಸುಮ್ಮನೆ ಬಿಡಲಿಲ್ಲ. ಪಾಪಿ, ಒಂದು ಹೆಸರು ಬಿಟ್ಟಿದ್ದರೆ ಮೇಯರ್ ಏನು ಸೋತುಹೋಗುತ್ತಿದ್ದನೇ?

"ಅಮ್ಮ, ಅದು ಮಲಾಕಿ ಅಲ್ಲ. ಅವನ ಹೆಸರಲ್ಲಿ ನಾನೇ ಬೇರೆಯೋನನ್ನ ಕಳಿಸಿದ್ದು. ಬೇಕಾದ್ರೆ ನನ್ನ ಜೈಲಿಗೆ ಹಾಕ್ಸು. ಮಲಾಕಿ ಮುಳುಗಿಹೋದ, ಅಮ್ಮ."

ಮುದುಕಿ ಅವನ ಮುಖವನ್ನೇ ನೋಡಿದಳು.

"ಹೀಗೆ ಹೇಳು ಅಂತ ಅವನೇ ಹೇಳ್ಕೊಟ್ನಾ?"

"ಅಯ್ಯೋ, ದೇವರಾಣೆಗೂ ಇಲ್ಲ!"

"ಆಣೆ ಇಡ್ಬೇಡ. ಚಿಕ್ಕೋರಿದ್ದಾಗ್ಲೂ ಅವನ ತಪ್ಪನ್ನೆಲ್ಲ ನೀನೇ ಮೈಮೇಲೆ ಹಾಕ್ಕೊಳ್ತಿದ್ದೆ." ಅವಳು ಶಾಲು ಎಳೆದುಕೊಂಡಳು. "ಇನ್ನೂ ಕೋಪ ಇಳಿದಿಲ್ಲ ಅವನಿಗೆ. ನನ್ನ ಮುಖ ನೋಡೋದು ಬೇಡ ಅಂದ್ರೆ ಬೇಡ ಬಿಡು. ಭಾನುವಾರ ನಾನು ಇಗರ್ಜಿಗೆ ಹೋಗಿರ್ತೀನಿ. ಬಾಗಿಲು ತೆಗೆದೇ ಇರುತ್ತೆ. ಬಂದು ಉಂಡು ಹೋಗ್ಲಿ, ಅಷ್ಟು ಹೇಳ್ಬಿಡು."

ಕಾನ್ ಎಷ್ಟು ಕೂಗಿ ಹೇಳಿದರೂ ಅವಳು ತಿರುಗಿ ನೋಡಲಿಲ್ಲ.

ಭಾನುವಾರ ಇಗರ್ಜಿಯ ಗಂಟೆ ಬಾರಿಸುತ್ತಿರುವಾಗ ಅವನು ಆ ಮನೆಗೆ ಹೋದ. ಹೋಗದಿರಲು ಆಗಲಿಲ್ಲ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ತಟ್ಟೆ. ತೆಗೆದರೆ ಕೋಸು, ಹಂದಿಮಾಂಸ, ಇನ್ನೂ ಹಬೆಯಾಡುವ ಆಲೂಗಡ್ಡೆ. ಪಕ್ಕದಲ್ಲಿ ಒಂದೇ ಕುರ್ಚಿ.

ಊಟ ಹಾಗೇ ಉಳಿದರೆ ಮಗ ಕ್ಷಮಿಸಲಿಲ್ಲ ಎಂದುಕೊಂಡು ಅವಳು ಕೊರಗುತ್ತಾಳೆ. ಖಾಲಿಯಾದರೆ ಬದುಕಿರುವ ತನಕ ಪ್ರತಿ ಭಾನುವಾರವೂ ಬಡಿಸಿಡುತ್ತಾಳೆ. ಕಾನ್ ಬಹಳ ಹೊತ್ತು ನಿಂತ. ಕೊನೆಗೆ ಟೋಪಿ ತೆಗೆದು ಕೂತ. ಅಳುತ್ತಳುತ್ತಲೇ ತಿಂದ. ಮಲಾಕಿ ತಟ್ಟೆಯಲ್ಲಿ ಏನನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಅವನೂ ಏನನ್ನೂ ಬಿಡಲಿಲ್ಲ.