ಏಳನೇ ತೊಟ್ಟಿ

"ಕಾಲೆತ್ತೇ ಮುಂಡೆ! ಹಿಮ್ಮಡಿ ತೋರಿಸು. ಥೂ, ಈ ಬಿರುಕಿನಲ್ಲಿ ಹಲ್ಲಿ ಮೊಟ್ಟೆ ಇಡಬಹುದು. ಇದರ ಫೋಟೊ ಯಾವನು ತೆಗೀತಾನೆ?"

ಮೇಸ್ತ್ರಿ ಬೆತ್ತದ ತುದಿಯಿಂದ ಅವಳ ಪಾದವನ್ನು ಅತ್ತಿತ್ತ ಹೊರಳಿಸಿದ, ಕುದುರೆ ಕೊಳ್ಳುವವರು ಗೊರಸು ನೋಡುವ ಹಾಗೆ. ಕುಳ್ಳಿ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು. ಆ ಬೈಗುಳ ಅವಳಿಗೆ ನಾಟುವುದು ನಿಂತು ಎರಡು ವರ್ಷವಾಗಿತ್ತು. ಗಂಡ ಸತ್ತ ಮೇಲೆ ಅದು ಬೈಗುಳವೋ ವಿಳಾಸವೋ ಅವಳಿಗೇ ತಿಳಿಯುತ್ತಿರಲಿಲ್ಲ.

"ಎಣ್ಣೆ ತಿಕ್ಕು. ಕೆಂಪು ಲಂಗ ಹಾಕ್ಕೊಂಡು ಮೊಣಕಾಲಿಗಿಂತ ಮೇಲೆ ಸಿಕ್ಕಿಸ್ಕೊ. ನಗ್ತಾ ಇರು. ಬಾಯಿ ಮಾತ್ರ ಬಿಡಬೇಡ."

"ಬಾಯಿ ಬಿಡದೆ ನಗೋದು ಹೆಂಗೆ ಮೇಸ್ತ್ರಿ?"

"ಹಲ್ಲು ಕಿಸಿ, ಮಾತಾಡಬೇಡ ಅಂದೆ, ಬೋಳಿಮಗಳೇ!"

ಊರು ಹಳೆಯದು. ಕಲ್ಲು ಹಾಸಿದ ಬೀದಿ, ಗಡಿಯಾರದ ಗೋಪುರ, ಮಹಡಿ ಮಹಡಿಗೂ ಹೂಕುಂಡ. ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ತೋಟ. ತೋಟವೂ ಧಣಿಯದೇ, ಬೀದಿಯ ಮುಕ್ಕಾಲು ಮನೆಗಳೂ ಧಣಿಯವೇ. ವಾರಕ್ಕೊಮ್ಮೆ ಪಟ್ಟಣದ ಜನ ಕಾರು ತುಂಬಿಕೊಂಡು ಬಂದು, ಎಷ್ಟು ಚೆಂದದ ಊರು ಎಂದು ಕೆನ್ನೆಗೆ ಕೈಯಿಟ್ಟುಕೊಳ್ಳುತ್ತಿದ್ದರು. ಆ ದಿನ ಕೂಲಿಯವರ ಕೇರಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ, ಮುದುಕರು ಜಗಲಿಯಲ್ಲಿ ಕೂತು ಕೆಮ್ಮುವಂತಿಲ್ಲ. ಬೀದಿಗೆ ಕಾಣುವ ಕಿಟಕಿಗಳಿಗೆ ಧಣಿ ನೀಲಿ ಬಣ್ಣ ಬಳಿಸಿದ್ದ. ಹಿಂದಿನ ಗೋಡೆಗಳು ಕುಸಿದಿದ್ದವು. ಅಲ್ಲಿಗೆ ಕ್ಯಾಮೆರಾ ಬರುತ್ತಿರಲಿಲ್ಲ.

ಅಂಗಳದಲ್ಲಿ ಕುಳ್ಳಿಯ ಮೈದುನ, ಪಟ್ಟಣದವರ ಮುಂದೆ ಅವಳು ತುಳಿಯಬೇಕಾದ ದ್ರಾಕ್ಷಿಯನ್ನು ಬುಟ್ಟಿಗಟ್ಟಲೆ ಮರದ ಬಾನಿಗೆ ಸುರಿಯುತ್ತಿದ್ದ. ನೆಲಮಾಳಿಗೆಯ ಬೀಗದಕೈ ಅವನ ಸೊಂಟದಲ್ಲಿತ್ತು. ಅಣ್ಣ ಸತ್ತ ತಿಂಗಳಲ್ಲೇ ಆ ಕೆಲಸ ಸಿಕ್ಕಿತ್ತು. ಅವತ್ತಿನಿಂದ ಅವನು ಅತ್ತಿಗೆಗೆ ಮುಖ ಕೊಟ್ಟು ಮಾತಾಡಿದವನಲ್ಲ. ಇವತ್ತು ಬುಟ್ಟಿ ಕೆಳಗಿಟ್ಟ.

"ಅತ್ತಿಗೆ, ಕೆಳಗೆ ನೆಲಮಾಳಿಗೆಗೆ ಕರೆದ್ರೆ ಬರಬೇಡಿ."

"ಯಾಕೆ?"

"ತಲೆನೋವು ಅನ್ನಿ. ಏನಾದ್ರೂ ಅನ್ನಿ."

"ಯಾಕೋ ಅಂದೆ."

ಅವನು ಗೊಂಚಲೊಂದನ್ನು ಹಿಸುಕುತ್ತ ನಿಂತ. "ಇವತ್ತು ಏಳನೇ ತೊಟ್ಟಿ ವೈನು ತೆಗೀತಾರೆ. ಆ ವರ್ಷದ್ದು."

ಏಳನೇ ತೊಟ್ಟಿ ಅವಳ ಗಂಡ ಸತ್ತ ತೊಟ್ಟಿ. ಹುದುಗು ಬರುವ ರಸದ ಮೇಲೆ ಸಿಪ್ಪೆ ಗಟ್ಟಿಯಾಗಿ ಏಳುತ್ತದೆ. ಹಲಗೆಯ ಮೇಲೆ ನಿಂತು ಅದನ್ನು ಕೋಲಿನಿಂದ ಒಳಕ್ಕೆ ಒತ್ತುವುದು ಅವನ ಕೆಲಸ. ಗಾಳಿಯಾಡಿಸುವ ಫ್ಯಾನು ಕೆಟ್ಟು ವಾರವಾಗಿತ್ತು. ತಲೆ ಸುತ್ತುತ್ತದೆ ಎಂದಿದ್ದಕ್ಕೆ, ಹೆಂಗಸರ ಹಾಗೆ ವಯ್ಯಾರ ಮಾಡ್ತೀಯಾ ಎಂದು ಮೇಸ್ತ್ರಿ ಮೇಲಕ್ಕೆ ಹತ್ತಿಸಿದ್ದ. ತೊಟ್ಟಿಯ ವಿಷಗಾಳಿ ಕುಡಿದು ಒಳಕ್ಕೆ ಬಿದ್ದವನು ಮಧ್ಯಾಹ್ನದ ಊಟಕ್ಕೆ ಬಾರದಿದ್ದಾಗಲೇ ಗೊತ್ತಾಗಿದ್ದು. ಕುಡಿದು ಬಿದ್ದ ಎಂದು ಧಣಿ ಊರಿಗೆಲ್ಲ ಹೇಳಿದ. ಜನ್ಮದಲ್ಲಿ ಒಂದು ತೊಟ್ಟು ಬಾಯಿಗೆ ಬಿಟ್ಟವನಲ್ಲ ಅವನು.

"ಚರಂಡಿಗೆ ಬಿಟ್ರಲ್ಲೋ ಅದನ್ನ? ಬೀದಿ ಉದ್ದಕ್ಕೂ ಕೆಂಪಗೆ ಹರೀತಿತ್ತು. ನಾನೇ ನೋಡಿದ್ನಲ್ಲ."

"ಅದು ತೊಟ್ಟಿ ತೊಳೆದ ನೀರು."

"ಮತ್ತೆ ರಸ?"

"ಸೋಸಿ ಪೀಪಾಯಿಗೆ ತುಂಬಿದ್ವಿ." ಅವನು ಬುಟ್ಟಿ ಎತ್ತಿಕೊಂಡ. "ಬಾಯಿ ಬಿಟ್ರೆ ನಿನ್ನ ಅತ್ತಿಗೆ ಬೀದಿಗೆ ಬೀಳ್ತಾಳೆ ಅಂದ ಧಣಿ."

ಹೊರಗೆ ಕಾರಿನ ಬಾಗಿಲುಗಳು ಬಡಿದುಕೊಂಡವು. ಕುಳ್ಳಿ ಲಂಗ ಸಿಕ್ಕಿಸಿಕೊಂಡು ಬಾನಿಗಿಳಿದಳು.

ಒಂದು ಗಂಟೆ ತುಳಿದಳು. ಹಣ್ಣು ಕಾಲಡಿಯಲ್ಲಿ ಪಟಪಟ ಒಡೆಯಿತು, ಕಾಂಡದ ಚೂರು ಹಿಮ್ಮಡಿಯ ಬಿರುಕಿಗೆ ಹೊಕ್ಕಿತು, ಹುಳಿ ಉರಿಯಿತು. ಅತಿಥಿಗಳು ಬಗ್ಗಿ ಬಗ್ಗಿ ಫೋಟೊ ತೆಗೆದರು. ಒಬ್ಬ, "ಇನ್ನೂ ಸ್ವಲ್ಪ ಮೇಲಕ್ಕೆತ್ತಮ್ಮ," ಎಂದ. ಮೇಸ್ತ್ರಿಯ ಬೆತ್ತ ಲಂಗವನ್ನು ಎತ್ತಿತು. ಎಲ್ಲರೂ ನಕ್ಕರು. ಕುಳ್ಳಿಯೂ ಹಲ್ಲು ಕಿಸಿದಳು. ಅವಳು ಮೇಸ್ತ್ರಿಯ ಕುತ್ತಿಗೆಯನ್ನು ತುಳಿಯುತ್ತಿದ್ದಳು, ಧಣಿಯ ಎದೆಯನ್ನು ತುಳಿಯುತ್ತಿದ್ದಳು. ಕಾಲು ಸೋಲಲಿಲ್ಲ.

ಆಮೇಲೆ ಅತಿಥಿಗಳಿಗೆ ಅವಳ ಜೊತೆ ನೆಲಮಾಳಿಗೆಯಲ್ಲೂ ಒಂದು ಫೋಟೊ ಬೇಕಾಯಿತು. ಮೈದುನ ಕಣ್ಣಲ್ಲೇ ಬೇಡವೆಂದ. ಅವಳು ಮೆಟ್ಟಿಲಿಳಿದಳು.

ಕಲ್ಲಿನ ಕಮಾನು, ತಣ್ಣನೆಯ ಗಾಳಿ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಇಪ್ಪತ್ತು ಜನರ ಕೈಯಲ್ಲೂ ಗ್ಲಾಸು. ಮೇಜಿನ ತಲೆಯಲ್ಲಿ ಧಣಿ.

"ಎರಡು ವರ್ಷ ಕಾದು ತೆಗೆದಿರೋದು. ಏಳನೇ ತೊಟ್ಟಿಯದ್ದು. ಇಂಥ ರುಚಿ ಇನ್ಯಾವ ತೊಟ್ಟಿಗೂ ಬರಲಿಲ್ಲ."

ಜನ ಮೂಗಿಗಿಟ್ಟರು, ನಾಲಿಗೆಯ ಮೇಲೆ ಹೊರಳಿಸಿದರು, ಕಣ್ಣು ಮುಚ್ಚಿದರು. ಮುತ್ತಿನ ಸರದ ಹೆಂಗಸೊಬ್ಬಳು ಕುಳ್ಳಿಯ ಕೆಂಪು ಕಾಲು ನೋಡಿ ಗ್ಲಾಸು ಕೆಳಗಿಟ್ಟಳು. "ಇದೂ ಇವಳು ತುಳಿದಿದ್ದಾ?"

ಧಣಿ ಗಟ್ಟಿಯಾಗಿ ನಕ್ಕ. "ಛೆ, ಛೆ! ಅದು ಬರೀ ಆಟ ತಾಯಿ. ಆ ರಸ ಚರಂಡಿಗೆ ಹೋಗುತ್ತೆ. ಇಂಥವರ ಮೈ ತಾಗಿದ್ದನ್ನ ನಿಮಗೆ ಕುಡಿಸ್ತೀವಾ?"

"ಕುಡಿಸಿದ್ದೀರಲ್ಲ ಧಣಿ," ಅಂದಳು ಕುಳ್ಳಿ. "ನನ್ನ ಗಂಡನ ಮೈ ತಾಗಿದೆ ಇದಕ್ಕೆ. ಬರೀ ಕಾಲಲ್ಲ, ಮೂಗು, ಬಾಯಿ, ಎಲ್ಲಾ. ಬೆಳಿಗ್ಗೆ ಬಿದ್ದೋನನ್ನ ಮಧ್ಯಾಹ್ನ ತೆಗೆದ್ರು. ಅಷ್ಟೊತ್ತು ನೆನೆದಿದ್ದಾನೆ. ರುಚಿ ಬರದೆ ಇರುತ್ತಾ?"

ಯಾರದೋ ಗ್ಲಾಸು ನೆಲಕ್ಕೆ ಬಿದ್ದು ಒಡೆಯಿತು.

"ಗಂಡ ಸತ್ತ ಮೇಲೆ ಇವಳಿಗೆ ತಲೆ ನೆಟ್ಟಗಿಲ್ಲ," ಅಂದ ಧಣಿ. ಮೇಸ್ತ್ರಿ ಅವಳ ಜುಟ್ಟಿಗೆ ಕೈ ಹಾಕಿದ. "ಬಾರೇ ಹಡಬೆ!"

"ಬಿಡೋ ಕೈ!"

ಕೂಗಿದವನು ಮೈದುನ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ, ಅಗುಳಿ ಬಿದ್ದಿತ್ತು.

"ಏನೋ ಇದು?" ಧಣಿಯ ದನಿ ಸಣ್ಣದಾಯಿತು. "ಹೇಳೋ ಇವರಿಗೆ. ಸುಳ್ಳು ಅಂತ ಹೇಳು."

"ಅಣ್ಣನ ಹೆಣ ನಾನೇ ಹೊರಗೆ ಎಳೆದಿದ್ದು," ಅಂದ ಮೈದುನ, ಮೇಜಿನ ಕಡೆ ತಿರುಗಿ. "ಅವನ ಒಂದು ಬೂಟು ಸಿಕ್ಕಿರಲಿಲ್ಲ. ಹದಿನೈದು ದಿನ ಆದ್ಮೇಲೆ ಸೋಸುವಾಗ ಸಿಕ್ತು. ಬೂಟು ಎಸೆದು ವೈನು ಇಟ್ಕೊ ಅಂದ್ರು ಧಣಿ."

ಮುತ್ತಿನ ಸರದವಳು ಕರವಸ್ತ್ರಕ್ಕೆ ವಾಂತಿ ಮಾಡಿಕೊಂಡಳು. ಕುಳ್ಳಿಯ ಕಣ್ಣು ಧಣಿಯ ಗ್ಲಾಸಿನ ಮೇಲಿತ್ತು.

"ಧಣಿ ಕೈಲಿರೋದು ಯಾವ ತೊಟ್ಟೀದೋ?"

"ಆರನೇದು. ಏಳನೇದನ್ನ ಅವರು ಯಾವತ್ತೂ ಬಾಯಿಗಿಟ್ಟಿಲ್ಲ."

ಅಲ್ಲಿಯವರೆಗೆ ಕುಳ್ಳಿಯ ಕಡೆ ತಿರುಗಿದ್ದ ಫೋನುಗಳೆಲ್ಲ ಒಂದೊಂದಾಗಿ ಧಣಿಯ ಕಡೆ ತಿರುಗಿದವು. ಅವಳು ಮೇಜಿನ ಉದ್ದಕ್ಕೂ ನಡೆದಳು. ಬಿಳಿ ಬಟ್ಟೆಯ ಅಂಚು ಅವಳ ಕಾಲಿಗೆ ತಾಗಿ ಕೆಂಪಾಯಿತು. ಬಾಟಲಿ ಎತ್ತಿ ದೊಡ್ಡ ಗ್ಲಾಸೊಂದನ್ನು ಕಂಠಮಟ್ಟ ತುಂಬಿ ಧಣಿಯ ಮೂಗಿನ ಮುಂದೆ ಹಿಡಿದಳು.

"ಸುಳ್ಳಾದ್ರೆ ಕುಡೀರಿ."

"ಲೇ, ನಾಳೆ ನಿನ್ನ ಮನೆ..."

"ನಾಳೆ ಕೆಡವಿ. ಇವತ್ತು ಕುಡೀರಿ."

ಧಣಿ ಸುತ್ತ ನೋಡಿದ. ಒಂದು ಫೋನೂ ಕೆಳಗಿಳಿಯಲಿಲ್ಲ. ಮೇಸ್ತ್ರಿ ನೆಲ ನೋಡುತ್ತಿದ್ದ. ಧಣಿ ಗ್ಲಾಸು ಕಿತ್ತುಕೊಂಡು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದ. ಗಂಟಲ ಗಂಟು ನಾಲ್ಕು ಸಲ ಮೇಲೆ ಕೆಳಗೆ ಆಯಿತು. ಗ್ಲಾಸು ಕುಕ್ಕಿ, ತುಟಿ ಒರೆಸಿಕೊಂಡು, ನಗಲು ಬಾಯಿ ತೆರೆದ. ಹಣೆಯಿಂದ ಬೆವರಿಳಿಯುತ್ತಿತ್ತು.

"ಆಯ್ತಾ? ಸಮಾಧಾನ ಆಯ್ತಾ?"

"ಇನ್ನೂ ಎಲ್ಲಿ ಧಣಿ? ಆರಡಿ ಆಳು ಅವನು," ಅಂದಳು ಕುಳ್ಳಿ. "ಒಂದು ಗ್ಲಾಸಿಗೆ ಮುಗೀತಾನಾ?"

ಮತ್ತೆ ಬಾಟಲಿ ಬಗ್ಗಿಸಿದಳು.